ಅತಿಥಿಸೌಧದಿಂದ ಹೋಟೆಲಿಗೆ: ಲಲಿತಮಹಲಿನ ವಾಸ್ತುವಿನ ಒಂದು ಜಾನಪದೀಯ ಅಧ್ಯಯನ

ಪ್ರಸ್ತಾವನೆ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರವೆಂಬ ಊರು ಸಿಗುತ್ತದೆ. 'ಸಮುದ್ರ'ವೆಂಬುದು ದೊಡ್ಡ ಕೆರೆಗೆ ನಮ್ಮವರು ಇಟ್ಟುಕೊಂಡು ಬಂದ ಹೆಸರು. ಊರ ಹೆಸರಿನ ಮೊದಲ ಭಾಗ ವಿಜಯನಗರದ ದೇವರಾಯರನ್ನು ನೆನಪಿಸುತ್ತದೆ. ಎರಡನೆಯ ದೇವರಾಯನ ಕಾಲದಲ್ಲಿ ಈ ಸೀಮೆಯ ಆಡಳಿತವು 'ಶಿವತತ್ತ್ವ ಚಿಂತಾಮಣಿ'ಯ ಕರ್ತೃವೂ ಆದ ಲಕ್ಕಣ್ಣ ದಂಡೇಶನ ಕೈಯಲ್ಲಿತ್ತು. ಪಕ್ಕದ ಪಟ್ಟಣವಾದ ಮುಳಬಾಗಿಲಿನ ಹೆಸರನ್ನು 'ಮೂಡಲ ಬಾಗಿಲು' ಎಂದು ಬಿಡಿಸುವುದು ರೂಢಿ. ಮೈಸೂರು ಪ್ರಸ್ಥಭೂಮಿಗೆ ಪೂರ್ವದಿಂದ ಬರುವವರಿಗೆ ಇದೇ ಬಾಗಿಲು. ಹೀಗೆ ಬಾಗಿಲಿನ ಹೆಸರನ್ನೇ ಹೊತ್ತ ಸೀಮೆಯಲ್ಲಿ ನಿಂತು ನೋಡುವವರಿಗೆ ಕಟ್ಟಡವೊಂದರ ಮೊದಲ ಪ್ರಶ್ನೆ ಎದುರಾಗುವುದು ಬಾಗಿಲಿನಲ್ಲಿಯೇ: ಇಲ್ಲಿ ಯಾರು ಎಲ್ಲಿಯವರೆಗೆ ಬರಬಹುದು?

ಇತ್ತೀಚಿನ ದಶಕಗಳಲ್ಲಿ ಹಳೆಯ ಬಂಗಲೆಗಳೂ ವಿಲ್ಲಾಗಳೂ ಅರಮನೆಗಳೂ ಹೋಟೆಲುಗಳಾಗಿ ಪರಿವರ್ತನೆ ಹೊಂದುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಇಂತಹ ಪರಿವರ್ತನೆಯನ್ನು ಪರಂಪರೆಯ ರಕ್ಷಣೆಯೆಂದು ಕೆಲವರು ಮೆಚ್ಚಿದರೆ, ವ್ಯಾಪಾರವೆಂದು ಮತ್ತೆ ಕೆಲವರು ಜರೆಯುತ್ತಾರೆ. ಈ ಎರಡೂ ನಿಲುವುಗಳು ಕಟ್ಟಡದ ಮುಂಭಾಗವನ್ನು ಮಾತ್ರ ನೋಡಿ ಆಡಿದ ಮಾತುಗಳೆಂದು ನನಗೆ ತೋರುತ್ತದೆ. ಮನೆಯೊಂದನ್ನು ಅದರ ಮುಂಬಾಗಿಲು, ನಡುಮನೆ ಮತ್ತು ಹಿತ್ತಿಲು ಈ ಮೂರನ್ನೂ ಕೂಡಿಸಿ ನೋಡುವ ಜನಪದರ ದೃಷ್ಟಿಯಿಂದ ಪರಿಶೀಲಿಸಿದರೆ ಪರಿವರ್ತನೆಯಲ್ಲಿ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಪ್ರಸ್ತುತ ಲೇಖನವು ಮೈಸೂರಿನ ಲಲಿತಮಹಲನ್ನು ಪ್ರಧಾನ ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಚರ್ಚಿಸುತ್ತದೆ. ಕಡೆಯಲ್ಲಿ ಕೋಲಾರ ಸೀಮೆಯ ಕಟ್ಟಡಗಳಿಗೆ ಈ ಚರ್ಚೆ ಹೇಗೆ ಅನ್ವಯಿಸುತ್ತದೆಂಬುದನ್ನು ಸೂಚಿಸುತ್ತದೆ.

ಜನಪದರ ಮನೆಯ ಕಲ್ಪನೆ

ದಕ್ಷಿಣ ಕರ್ನಾಟಕದ ಹಳೆಯ ಮನೆಯು ಹೊರಗಿನಿಂದ ಒಳಕ್ಕೆ ಹಂತಹಂತವಾಗಿ ತೆರೆದುಕೊಳ್ಳುತ್ತದೆ. ಬೀದಿಗೆ ಅಂಟಿದಂತೆ ಜಗಲಿ ಇರುತ್ತದೆ. ಕೋಲಾರದ ಗಡಿಭಾಗದ ತೆಲುಗು ಮಾತಿನಲ್ಲಿ ಇದನ್ನೇ 'ಅರುಗು' ಎನ್ನುತ್ತಾರೆ. ಜಗಲಿ ಮನೆಯವರದಾದರೂ ಅದರ ಮೇಲೆ ಕುಳಿತುಕೊಳ್ಳಲು ದಾರಿಹೋಕನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಜಗಲಿಯನ್ನು ದಾಟಿದರೆ ಹೊಸ್ತಿಲು. ಅದು ಒಳಗೂ ಅಲ್ಲದ ಹೊರಗೂ ಅಲ್ಲದ ಸ್ಥಳ. ಹಿರಣ್ಯಕಶಿಪುವನ್ನು ನರಸಿಂಹನು ಹೊಸ್ತಿಲ ಮೇಲೆಯೇ ಕೊಂದನೆಂಬ ಕಥೆ ಈ ತಿಳಿವಳಿಕೆಯನ್ನು ಆಶ್ರಯಿಸಿದೆ. ಹೊಸ್ತಿಲನ್ನು ತುಳಿಯಬಾರದು, ಅದರ ಮೇಲೆ ಕುಳಿತುಕೊಳ್ಳಬಾರದು, ಬೆಳಗ್ಗೆ ಅರಿಸಿನ ಕುಂಕುಮವಿಟ್ಟು ರಂಗೋಲಿ ಹಾಕಬೇಕು ಎಂಬ ನಿಯಮಗಳು ಇಂದಿಗೂ ಆಚರಣೆಯಲ್ಲಿವೆ.

ಹೊಸ್ತಿಲಿನಾಚೆಗೆ ಪಡಸಾಲೆ, ಅದರಾಚೆಗೆ ನಡುಮನೆ. ಅನುಕೂಲವಂತರ ಮನೆಯಾದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ತೊಟ್ಟಿಯಿಂದ ಬೆಳಕೂ ಗಾಳಿಯೂ ಮಳೆಯೂ ಮನೆಯೊಳಗೇ ಇಳಿಯುತ್ತವೆ. ಅದರ ಸುತ್ತಲಿನ ಅಂಕಣಗಳಲ್ಲಿ ಧಾನ್ಯ ಹಸನು ಮಾಡುವುದರಿಂದ ಹಿಡಿದು ಮದುವೆಯ ಶಾಸ್ತ್ರದವರೆಗೆ ಎಲ್ಲವೂ ನಡೆಯುತ್ತವೆ. ಇನ್ನೂ ಒಳಗೆ ದೇವರ ಮನೆ, ಅಡುಗೆಮನೆ. ಕಡೆಯಲ್ಲಿ ಬಚ್ಚಲು ಮತ್ತು ಹಿತ್ತಿಲು. ಹಿತ್ತಿಲಿನಲ್ಲಿ ಬಾವಿ, ಒರಳು, ಕರಿಬೇವಿನ ಗಿಡ, ಸೌದೆಯ ರಾಶಿ. ಮುಂಬಾಗಿಲಿನಿಂದ ಬಾರದವರು ಹಿತ್ತಿಲ ಬಾಗಿಲಿನಿಂದ ಬರುತ್ತಾರೆ. ಕೆಲಸದವರು, ಮೊಸರು ಮಾರುವವಳು, ಸೂಲಗಿತ್ತಿ, ನೆರೆಮನೆಯ ಹೆಣ್ಣುಮಕ್ಕಳು ಬಳಸುವ ಬಾಗಿಲು ಅದೇ. ಜಾತಿ, ಲಿಂಗ ಮತ್ತು ನೆಂಟಸ್ತಿಕೆ ಈ ಮೂರೂ ಮನೆಯ ನಕ್ಷೆಯಲ್ಲಿ ಅಚ್ಚೊತ್ತಿರುತ್ತವೆ. ಆದ್ದರಿಂದ ಈ ಮನೆಯನ್ನು ಕೇವಲ ಆದರ್ಶವೆಂದು ಹೊಗಳುವುದು ತಪ್ಪು. ಯಾರನ್ನು ಜಗಲಿಯಲ್ಲಿಯೇ ನಿಲ್ಲಿಸಲಾಗುತ್ತಿತ್ತು ಎಂಬುದೂ ಅದೇ ನಕ್ಷೆಯಲ್ಲಿ ಬರೆದಿದೆ.

ಮನೆಗೆ ಎದುರಾಗಿ ನಿಲ್ಲುವ ಇನ್ನೊಂದು ಕಟ್ಟಡವೆಂದರೆ ಛತ್ರ. ದಾರಿಹೋಕರಿಗೆ ನೆರಳು ಕೊಡುವ ಕಲ್ಲುಮಂಟಪ, ಬೇಸಗೆಯಲ್ಲಿ ನೀರುಮಜ್ಜಿಗೆ ಕೊಡುವ ಅರವಟ್ಟಿಗೆ, ಊಟ ವಸತಿಗಳಿಗೆ ಛತ್ರ, ಇವು ದಾರಿಯ ಧರ್ಮಕ್ಕೆ ಸಂಬಂಧಿಸಿದವು. ಛತ್ರಕ್ಕೆ ಒಡೆಯನಿರಬಹುದು, ಆದರೆ ಅಲ್ಲಿ ಮನೆತನವಿಲ್ಲ. ಛತ್ರದಲ್ಲಿ ಯಾರೂ ಹುಟ್ಟಿ ಬೆಳೆಯುವುದಿಲ್ಲ. ಮನೆಯಲ್ಲಿ ನೆಂಟರು, ಛತ್ರದಲ್ಲಿ ಅತಿಥಿಗಳು, ಹೋಟೆಲಿನಲ್ಲಿ ಗಿರಾಕಿಗಳು ಎಂಬ ವಿಭಾಗವನ್ನು ಜನಭಾಷೆ ಬಹಳ ನಿಖರವಾಗಿ ಕಾಪಾಡಿಕೊಂಡಿದೆ. ಐತಿಹಾಸಿಕ ಕಟ್ಟಡವೊಂದು ಹೋಟೆಲಾಗುವಾಗ ಅದು ಮೊದಲು ಈ ಮೂರರಲ್ಲಿ ಯಾವುದಾಗಿತ್ತು ಎಂದು ಕೇಳುವುದು ಅವಶ್ಯಕ.

ಲಲಿತಮಹಲಿನ ನಿರ್ಮಾಣದ ಹಿನ್ನೆಲೆ

ಮೈಸೂರು ನಗರದ ಪೂರ್ವಕ್ಕೆ, ಚಾಮುಂಡಿಬೆಟ್ಟದ ತಪ್ಪಲಿನ ಎತ್ತರವಾದ ಬಯಲಿನಲ್ಲಿ ಲಲಿತಮಹಲು ನಿಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1921ರ ನವೆಂಬರ್ 18ರಂದು ಇದಕ್ಕೆ ಅಡಿಗಲ್ಲು ಹಾಕಲಾಯಿತು. ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ಇದರ ವಿನ್ಯಾಸಕಾರರು. ಬಿ. ಮುನಿವೆಂಕಟಪ್ಪನವರು ಗುತ್ತಿಗೆದಾರರಾಗಿ ಕಟ್ಟಡವನ್ನು ನಿರ್ಮಿಸಿದರು. ಆ ಕಾಲಕ್ಕೆ ಸುಮಾರು 13 ಲಕ್ಷ ರೂಪಾಯಿಗಳು ಖರ್ಚಾದವೆಂದು ದಾಖಲಾಗಿದೆ. ಬ್ರಿಟಿಷ್ ಭಾರತದ ವೈಸ್‌ರಾಯರು ಮೈಸೂರಿಗೆ ಬಂದಾಗ ತಂಗುವುದಕ್ಕೆಂದೇ ಇದನ್ನು ಕಟ್ಟಿಸಲಾಯಿತು. ಅನಂತರ ಮಹಾರಾಜರ ಇತರ ಐರೋಪ್ಯ ಅತಿಥಿಗಳಿಗೂ ಇದು ಬಿಡಾರವಾಯಿತು.

ಅರಮನೆಯಿರುವ ನಗರದಲ್ಲಿಯೇ ಅತಿಥಿಗಳಿಗೆ ಬೇರೆ ಅರಮನೆ ಏಕೆ ಬೇಕಾಯಿತು? ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ 1912ರಲ್ಲಿ ಪೂರ್ಣಗೊಂಡ ಅಂಬಾವಿಲಾಸ ಅರಮನೆಯು ಹೊರನೋಟಕ್ಕೆ ಎಷ್ಟೇ ವಿಶಾಲವಾಗಿದ್ದರೂ ಮೂಲತಃ ಒಂದು ಮನೆತನದ ಮನೆ. ಅಲ್ಲಿ ಕುಲದೇವತೆಯ ಆರಾಧನೆಯಿತ್ತು. ಕೋಟೆಯೊಳಗೆ ದೇವಾಲಯಗಳಿದ್ದವು. ನವರಾತ್ರಿಯ ವ್ರತನಿಯಮಗಳಿದ್ದವು. ಕಲ್ಯಾಣಮಂಟಪವಿತ್ತು. ಐರೋಪ್ಯ ಅತಿಥಿಗಳ ಊಟದ ಕ್ರಮ, ಪಾನೀಯ, ಸ್ತ್ರೀಪುರುಷರು ಜೊತೆಯಾಗಿ ನರ್ತಿಸುವ ಕೂಟ ಇವಾವುವೂ ಆ ಮನೆಯ ಮಡಿಮೈಲಿಗೆಗಳೊಂದಿಗೆ ಹೊಂದುವಂತಿರಲಿಲ್ಲ. ಅತಿಥಿಯನ್ನು ಗೌರವಿಸಬೇಕು, ಆದರೆ ನಡುಮನೆಗೆ ಕರೆಯುವಂತಿಲ್ಲ ಎಂಬ ಇಕ್ಕಟ್ಟು ಹಳ್ಳಿಯ ಗೃಹಸ್ಥನಿಗೂ ತಿಳಿದದ್ದೇ. ಅವನು ಜಗಲಿಯ ಮೇಲೆ ಚಾಪೆ ಹಾಸಿ ಸತ್ಕರಿಸುತ್ತಾನೆ. ಮಹಾರಾಜರು ಊರಾಚೆ ಒಂದು ಸೌಧವನ್ನೇ ಕಟ್ಟಿಸಿದರು. ಈ ಅರ್ಥದಲ್ಲಿ ಲಲಿತಮಹಲನ್ನು ಅಂಬಾವಿಲಾಸದ ಜಗಲಿಯೆಂದು ಕರೆಯಬಹುದು. ಮೈಸೂರಿನಲ್ಲಿಯೇ 1920ರಲ್ಲಿ ಮಹಾರಾಜರ ಬ್ರಿಟಿಷ್ ಅತಿಥಿಗಳಿಗಾಗಿ ನಿರ್ಮಾಣಗೊಂಡ, ಮುಂದೆ ಮೆಟ್ರೊಪೋಲ್ ಹೋಟೆಲೆಂದು ಹೆಸರಾದ ಕಟ್ಟಡವೂ ಇದೇ ವರ್ಗಕ್ಕೆ ಸೇರುತ್ತದೆ.

ವಾಸ್ತುವಿನ ಸ್ವರೂಪ

ಲಲಿತಮಹಲಿನ ಶೈಲಿಯನ್ನು ಸಾಮಾನ್ಯವಾಗಿ ಯುರೋಪಿನ ಪುನರುಜ್ಜೀವನ ಕಾಲದ ಶೈಲಿಯೆಂದು ಗುರುತಿಸುತ್ತಾರೆ. 'ವಿಲ್ಲಾ' ಎಂಬುದು ರೋಮನ್ನರ ಕಾಲದಿಂದಲೂ ನಗರದ ಹೊರಗಿನ ಸಿರಿವಂತರ ವಸತಿಗೆ ಸಂದ ಹೆಸರು. 16ನೆಯ ಶತಮಾನದಲ್ಲಿ ಇಟಲಿಯ ಆಂದ್ರೇಯ ಪಲ್ಲಾಡಿಯೊ ದೇವಾಲಯಕ್ಕೆ ಸಲ್ಲುತ್ತಿದ್ದ ಕಂಬಸಾಲನ್ನೂ ಗುಮ್ಮಟವನ್ನೂ ವಿಲ್ಲಾಗಳಿಗೆ ಅಳವಡಿಸಿದನು. ವಿಚೆಂಜಾ ನಗರದ ಬಳಿಯ ವಿಲ್ಲಾ ರೊಟೊಂಡಾ ಇದಕ್ಕೆ ಪ್ರಸಿದ್ಧ ಉದಾಹರಣೆ. ಆ ಮಾದರಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಹಳ್ಳಿಗಾಡಿನ ಮಹಾಸೌಧಗಳಲ್ಲಿ ಬೆಳೆದು, ವಸಾಹತು ಆಳ್ವಿಕೆಯೊಂದಿಗೆ ಭಾರತಕ್ಕೆ ಬಂದಿತು. ಲಲಿತಮಹಲು ಈ ಪರಂಪರೆಯ ಬಹು ದೊಡ್ಡ ಪ್ರಮಾಣದ ಮುಂದುವರಿಕೆ.

ಕಟ್ಟಡ ಎರಡು ಅಂತಸ್ತಿನದು. ಸಂಪೂರ್ಣ ಬಿಳಿಯ ಬಣ್ಣದ್ದು. ನಡುವಿನ ಭಾಗದಿಂದ ಎಡಕ್ಕೂ ಬಲಕ್ಕೂ ಸಮಸಮವಾಗಿ ರೆಕ್ಕೆಗಳಂತೆ ಚಾಚಿಕೊಂಡಿದೆ. ಮುಂಭಾಗದಲ್ಲಿ ಜೋಡಿಜೋಡಿಯಾಗಿ ನಿಂತ ಅಯೋನಿಕ್ ಕಂಬಗಳಿವೆ. ಬೋದಿಗೆಯ ಎರಡು ಬದಿಗೂ ಸುರುಳಿಯಿರುವುದು ಅಯೋನಿಕ್ ಕಂಬದ ಗುರುತು. ಒಂದೊಂದೇ ಕಂಬವನ್ನು ನಿಲ್ಲಿಸುವುದರ ಬದಲು ಜೋಡಿಯಾಗಿ ನಿಲ್ಲಿಸಿದ್ದರಿಂದ ಉದ್ದವಾದ ಮುಂಭಾಗಕ್ಕೆ ಒಂದು ಲಯ ಬಂದಿದೆ. ಜೋಡಿಗಳ ನಡುವಿನ ತೆರವುಗಳಲ್ಲಿ ನೆರಳು ತುಂಬಿಕೊಳ್ಳುವುದರಿಂದ ಬಿಳಿಯ ಗೋಡೆಯ ಏಕತಾನತೆ ಒಡೆಯುತ್ತದೆ. ಕೆಳ ಅಂತಸ್ತಿನಲ್ಲಿ ಮುಂದಕ್ಕೆ ಚಾಚಿದ ವಾಹನಮಂಟಪವಿದೆ. ಸಾರೋಟಾಗಲಿ ಮೋಟಾರಾಗಲಿ ನೇರವಾಗಿ ಇದರ ಕೆಳಗೆ ಬಂದು ನಿಲ್ಲುತ್ತದೆ. ಅತಿಥಿಯ ತಲೆಗೆ ಬಿಸಿಲು ತಾಕದು, ಕಾಲಿಗೆ ಮಣ್ಣು ಹತ್ತದು.

ಚಾವಣಿಯ ಮೇಲೆ ಗೋಳಾಕಾರದ ಗುಮ್ಮಟಗಳಿದ್ದು, ಪ್ರವೇಶದ ಭಾಗದ ಮೇಲಿನ ನಡುಗುಮ್ಮಟ ಉಳಿದವುಗಳನ್ನೆಲ್ಲ ಮೀರಿ ನಿಂತಿದೆ. ಇದಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಮಾದರಿಯೆಂದು ಹೇಳುತ್ತಾರೆ. ಕ್ರಿಸ್ಟೊಫರ್ ರೆನ್ ನಿರ್ಮಿಸಿದ ಆ ಚರ್ಚು 18ನೆಯ ಶತಮಾನದ ಆರಂಭದಲ್ಲಿ ಪೂರ್ಣಗೊಂಡಿತು. ಲಂಡನ್ನಿನಲ್ಲಿ ಗುಮ್ಮಟದ ಕೆಳಗೆ ಪ್ರಾರ್ಥನೆಯ ಸ್ಥಳವಿದೆ. ಮೈಸೂರಿನಲ್ಲಿ ಗುಮ್ಮಟದ ಕೆಳಗೆ ಇರುವುದು ಅತಿಥಿಯನ್ನು ಎದುರುಗೊಳ್ಳುವ ಸ್ಥಳ. ಇಡೀ ಕಟ್ಟಡದ ಅತ್ಯಂತ ಎತ್ತರವಾದ, ಅತ್ಯಂತ ಗೌರವದ ಬಿಂದು ಸ್ವಾಗತಕ್ಕೆ ಮೀಸಲಾಗಿದೆ ಎಂಬುದು ಗಮನಾರ್ಹ. ನಮ್ಮ ಮನೆಗಳಲ್ಲಿ ಅಂತಹ ಗೌರವ ಸಲ್ಲುವುದು ದೇವರ ಮನೆಗೆ.

ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲುಗಳು ಎರಡು ಕಡೆಗೆ ಬಾಗುತ್ತ ಮೇಲೇರುತ್ತವೆ. ಮೆಟ್ಟಿಲೇರುವವರು ಕೆಳಗಿರುವವರಿಗೆ ಕಾಣಬೇಕು, ಇಳಿಯುವವರು ಎಲ್ಲರ ಕಣ್ಣೆದುರು ಇಳಿಯಬೇಕು ಎಂಬುದು ಇಂತಹ ಸೋಪಾನದ ಉದ್ದೇಶ. ನಮ್ಮ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಹೋಗುವ ಏಣಿ ಮೂಲೆಯಲ್ಲಿ ಅಡಗಿರುತ್ತದೆ. ಮೇಲಂತಸ್ತು ಕಣಜಕ್ಕೂ ಸಾಮಾನಿಗೂ ಸಂಬಂಧಿಸಿದ್ದೇ ಹೊರತು ಮೆರವಣಿಗೆಗಲ್ಲ. ಗೋಡೆ ಚಾವಣಿಗಳ ಮೇಲೆ ಉಬ್ಬುಗಾರೆಯ ಅಲಂಕಾರ, ಬಾಗಿಲು ಕಿಟಕಿಗಳಿಗೆ ಬಣ್ಣದ ಗಾಜು, ರಾಜಮನೆತನದ ಆಳೆತ್ತರದ ಚಿತ್ರಗಳು ಮತ್ತು ಹಳೆಯ ಕಾಲದ ಲಿಫ್ಟು ಇಲ್ಲಿನ ಇತರ ವಿಶೇಷಗಳು. ವೈಸ್‌ರಾಯರಿಗೆ ಮೀಸಲಾದ ಕೋಣೆ, ಔತಣದ ಸಭಾಂಗಣ, ನೃತ್ಯಶಾಲೆ ಇವು ಮುಖ್ಯ ಅಂಗಗಳು.

ನೃತ್ಯಶಾಲೆಯ ಬೆಳಕಿನ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಬಹಳ ಎತ್ತರವಾದ ಅದರ ಚಾವಣಿಯಲ್ಲಿ ಬೆಲ್ಜಿಯಂ ಗಾಜಿನ ಗುಮ್ಮಟಾಕಾರದ ಬೆಳಕಿಂಡಿಗಳಿವೆ. ಹಗಲಿನ ಬೆಳಕು ಬಣ್ಣಕಟ್ಟಿ ಮೇಲಿನಿಂದ ಇಳಿಯುತ್ತದೆ. ಇದನ್ನು ಕಂಡಾಗ ತೊಟ್ಟಿಮನೆ ನೆನಪಿಗೆ ಬರುವುದು ಸಹಜ. ಎರಡರಲ್ಲಿಯೂ ಮನೆಯ ನಡುವಿಗೆ ಆಕಾಶದಿಂದಲೇ ಬೆಳಕು. ಆದರೆ ತೊಟ್ಟಿಯು ಬೆಳಕಿನೊಂದಿಗೆ ಮಳೆಯನ್ನೂ ಗಾಳಿಯನ್ನೂ ಗುಬ್ಬಚ್ಚಿಯನ್ನೂ ಬರಮಾಡಿಕೊಳ್ಳುತ್ತದೆ. ಗಾಜಿನ ಗುಮ್ಮಟ ಬೆಳಕನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಹೊರಗೆ ನಿಲ್ಲಿಸುತ್ತದೆ. ತೊಟ್ಟಿಗೆ ಇಳಿದ ನೀರು ಹರಿದುಹೋಗಲು ದಾರಿ ಮಾಡಬೇಕು. ಗಾಜಿಗೆ ಧೂಳು ಕೂರದಂತೆ ಒರೆಸಬೇಕು. ಕೆಲಸ ಎರಡೂ ಕಡೆ ಉಂಟು, ಮಾಡುವವರು ಬೇರೆ.

ಹಿತ್ತಿಲು ಎಲ್ಲಿದೆ?

ಇಷ್ಟು ವಿವರಗಳನ್ನು ಯಾವುದೇ ಪ್ರವಾಸಿ ಕೈಪಿಡಿಯಲ್ಲಿ ಹೆಚ್ಚು ಕಡಿಮೆ ಕಾಣಬಹುದು. ಕೈಪಿಡಿಗಳು ಸಾಮಾನ್ಯವಾಗಿ ಹೇಳದಿರುವುದು ಅಡುಗೆಯವರು, ನೀರು ಹೊರುವವರು, ಅಗಸರು, ತೋಟದವರು, ದೀಪ ಹಚ್ಚುವವರು ಎಲ್ಲಿ ನಡೆದಾಡಿದರು, ಎಲ್ಲಿ ಉಂಡರು, ಎಲ್ಲಿ ಮಲಗಿದರು ಎಂಬುದನ್ನು. ಐರೋಪ್ಯರ ಬಂಗಲೆಗಳಲ್ಲಿ ಅಡುಗೆಮನೆಯನ್ನು ವಾಸದ ಕಟ್ಟಡದಿಂದ ಬೇರ್ಪಡಿಸಿ ಹಿಂಬದಿಯಲ್ಲಿ ಕಟ್ಟುತ್ತಿದ್ದುದು ರೂಢಿಯಾಗಿತ್ತು. ಹೊಗೆ, ವಾಸನೆ, ಬೆಂಕಿಯ ಭಯ ಇದಕ್ಕೆ ಕಾರಣ. ಆಳುಗಳ ಸಾಲುಮನೆಗಳೂ ಅದರಾಚೆಗೆ ಇರುತ್ತಿದ್ದವು. ನಮ್ಮ ಮನೆಯಲ್ಲಿ ಅಡುಗೆಮನೆ ಎಲ್ಲಕ್ಕಿಂತ ಒಳಗಿನ, ಮಡಿಯ ಸ್ಥಳ. ಬಂಗಲೆಯಲ್ಲಿ ಅದು ಎಲ್ಲಕ್ಕಿಂತ ಹೊರಗಿನ ಸ್ಥಳ. ಒಂದೇ ಒಲೆ, ಒಂದೇ ಅನ್ನ, ಆದರೆ ನಕ್ಷೆ ತಲೆಕೆಳಗು. ಈ ವ್ಯತ್ಯಾಸ ವಾಸ್ತುಶಾಸ್ತ್ರದ ಪುಸ್ತಕಗಳಲ್ಲಿ ಶೈಲಿಯ ವಿಷಯವಾಗಿ ಬರುವುದಿಲ್ಲ. ಜಾನಪದಕ್ಕೆ ಇದೇ ಮೂಲ ವಿಷಯ.

ಕಟ್ಟಿದವರ ಪ್ರಶ್ನೆಯೂ ಹೀಗೆಯೇ. ಲಲಿತಮಹಲಿಗೆ ಸಂಬಂಧಿಸಿದಂತೆ ಮಹಾರಾಜರ ಹೆಸರು, ವಾಸ್ತುಶಿಲ್ಪಿಯ ಹೆಸರು ಮತ್ತು ಗುತ್ತಿಗೆದಾರರ ಹೆಸರು ಉಳಿದಿವೆ. ಇದು ಸಣ್ಣ ವಿಷಯವಲ್ಲ. ಅನೇಕ ಕಟ್ಟಡಗಳಿಗೆ ಗುತ್ತಿಗೆದಾರನ ಹೆಸರೂ ಸಿಗುವುದಿಲ್ಲ. ಆದರೆ ಉಬ್ಬುಗಾರೆಯ ಹೂಬಳ್ಳಿಯನ್ನು ತೀಡಿದ ಕೈಗಳಿಗೆ ಹೆಸರಿಲ್ಲ. ಸಿಮೆಂಟು ಸರ್ವತ್ರವಾಗುವುದಕ್ಕೆ ಮುಂಚೆ ನಮ್ಮ ಸೀಮೆಗಳಲ್ಲಿ ಗಾರೆಯೆಂದರೆ ಸುಟ್ಟ ಸುಣ್ಣವನ್ನು ನೀರಿನಲ್ಲಿ ಕಳಿಸಿ, ಮರಳಿನೊಡನೆ ಗಾರೆಯ ಗಾಣಕ್ಕೆ ಹಾಕಿ, ಎತ್ತುಗಳಿಂದ ತಿರುಗಿಸಿ ನುಣ್ಣಗೆ ಅರೆದದ್ದು. ಬೆಲ್ಲದ ನೀರು ಮೊದಲಾದುವನ್ನು ಬೆರೆಸುವ ರೂಢಿಯೂ ಇತ್ತು. ಸುಣ್ಣ ಎಷ್ಟು ದಿನ ಕಳಿತಿರಬೇಕು, ಗಾರೆ ಕೈಗೆ ಹೇಗೆ ಹತ್ತಬೇಕು ಎಂಬುದು ಬರಹಕ್ಕೆ ಬಾರದೆ ಮೇಸ್ತ್ರಿಯಿಂದ ಶಿಷ್ಯನಿಗೆ ಬಂದ ತಿಳಿವಳಿಕೆ. ಹಳೆಯ ಕಟ್ಟಡವನ್ನು ದುರಸ್ತಿ ಮಾಡುವಾಗ ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಉಬ್ಬಿ ಕಳಚುತ್ತದೆ. ಹೀಗೆ ಮೇಸ್ತ್ರಿಯ ಮೌಖಿಕ ಜ್ಞಾನವನ್ನು ಕಳೆದುಕೊಂಡದ್ದರ ಬೆಲೆಯನ್ನು ಕಟ್ಟಡವೇ ತೆರಬೇಕಾಗುತ್ತದೆ.

ಈ ಸಂದರ್ಭದಲ್ಲಿ 'ಕೆರೆಗೆ ಹಾರ' ಕಥನಗೀತೆಯನ್ನು ನೆನೆಯಬಹುದು. ಕೆರೆ ಕಟ್ಟಿಸಿದವರ ಹೆಸರನ್ನು ಶಾಸನಗಳು ಹೇಳುತ್ತವೆ. ಕೆರೆಗೆ ಬಲಿಯಾದ ಸೊಸೆ ಭಾಗೀರಥಿಯ ಹೆಸರನ್ನು ಹೆಂಗಸರ ಹಾಡು ಉಳಿಸಿತು. ನಿರ್ಮಾಣದ ಇತಿಹಾಸಕ್ಕೆ ಬರಹದ ದಾಖಲೆಯೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1974ರ ಪರಿವರ್ತನೆ

ಸ್ವಾತಂತ್ರ್ಯಾನಂತರ ಸಂಸ್ಥಾನಗಳು ಭಾರತದಲ್ಲಿ ವಿಲೀನವಾದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ಮಾಜಿ ಅರಸರ ರಾಜಧನವೂ ರದ್ದಾಯಿತು. ವೈಸ್‌ರಾಯರೂ ಇಲ್ಲ, ಅವರನ್ನು ಸತ್ಕರಿಸುವ ಸಂಸ್ಥಾನವೂ ಇಲ್ಲ ಎಂದ ಮೇಲೆ ಅತಿಥಿಸೌಧಕ್ಕೆ ಕೆಲಸವಿಲ್ಲದಂತಾಯಿತು. ಇದು ಮೈಸೂರಿನ ಒಂದು ಸೌಧದ ಕಥೆಯಷ್ಟೇ ಆಗಿರಲಿಲ್ಲ. ಜಯಪುರದ ರಾಮ್‌ಬಾಗ್ ಅರಮನೆ 1957ರಲ್ಲಿಯೂ ಉದಯಪುರದ ಸರೋವರದ ಅರಮನೆ 1963ರಲ್ಲಿಯೂ ಹೋಟೆಲುಗಳಾಗಿದ್ದವು. ಯುರೋಪಿನಲ್ಲಿ ಸ್ಪೇನ್ ದೇಶದ ಸರ್ಕಾರ 1928ರಿಂದಲೇ 'ಪರಾದೋರ್' ಎಂಬ ಹೋಟೆಲುಗಳ ಸರಣಿಯನ್ನು ಆರಂಭಿಸಿ, ಕೋಟೆ, ಮಠ, ಅರಮನೆಗಳನ್ನು ಅದಕ್ಕೆ ಬಳಸಿಕೊಂಡಿತ್ತು. ಲಲಿತಮಹಲು 1974ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಅಶೋಕ ಹೋಟೆಲುಗಳ ಬಳಗಕ್ಕೆ ಸೇರಿ ಹೋಟೆಲಾಯಿತು. ಮುಂದೆ ನಿಗಮದ ಆಸ್ತಿಗಳನ್ನು ಬಿಟ್ಟುಕೊಡುವ ನೀತಿಯನ್ವಯ ಅದು ಕರ್ನಾಟಕ ಸರ್ಕಾರಕ್ಕೆ ಮರಳಿ, ರಾಜ್ಯದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ನಿರ್ವಹಣೆಗೆ ಬಂದಿತು.

ಪರಿವರ್ತನೆಯಲ್ಲಿ ಕಟ್ಟಡದ ಹೊರರೂಪ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ನೃತ್ಯಶಾಲೆ ಊಟದ ಶಾಲೆಯಾಯಿತು. ವೈಸ್‌ರಾಯರ ಕೋಣೆ ಹಣ ತೆತ್ತವರ ಕೋಣೆಯಾಯಿತು. ಈಜುಕೊಳದಂತಹ ಸೌಕರ್ಯಗಳು ಸೇರಿದವು. ಗುಮ್ಮಟದಡಿಯ ಸ್ವಾಗತದ ಸ್ಥಳ ಸ್ವಾಗತದ ಸ್ಥಳವಾಗಿಯೇ ಉಳಿಯಿತು. ಇಷ್ಟು ಸುಲಭವಾಗಿ ಈ ಬದಲಾವಣೆ ಸಾಧ್ಯವಾದದ್ದು ಏಕೆ? ಲಲಿತಮಹಲು ಎಂದೂ ಮನೆಯಾಗಿರಲಿಲ್ಲ ಎಂಬುದೇ ಇದಕ್ಕೆ ಉತ್ತರ. ಅದು ಮೊದಲಿನಿಂದಲೂ ಬಂದು ಹೋಗುವವರ ಕಟ್ಟಡ. ಛತ್ರದ ತತ್ತ್ವವೇ ಅದರ ನಕ್ಷೆಯಲ್ಲಿ ಅಡಕವಾಗಿತ್ತು. ಯಾರು ಅತಿಥಿಯಾಗಬಹುದು ಎಂಬ ನಿಯಮವೊಂದು ಬದಲಾಯಿತು. ವಂಶ, ವರ್ಣ, ಅಧಿಕಾರಗಳಿಂದ ದೊರೆಯುತ್ತಿದ್ದ ಪ್ರವೇಶ ಹಣದಿಂದ ದೊರೆಯುವಂತಾಯಿತು. ಇದನ್ನು ಕೇವಲ ಅವನತಿಯೆಂದು ಹೇಳಲಾಗದು. ಒಂದು ಕಾಲಕ್ಕೆ ಗೇಟಿನ ಬಳಿಯೂ ಸುಳಿಯಲಾಗದಿದ್ದವರ ಮೊಮ್ಮಕ್ಕಳು ಒಂದು ಬಟ್ಟಲು ಚಹಾ ಕುಡಿದು ಅಮೃತಶಿಲೆಯ ಮೆಟ್ಟಿಲನ್ನು ಮುಟ್ಟಿ ನೋಡುವುದು ಸಾಧ್ಯವಾದದ್ದು ಹೋಟೆಲಿನಿಂದಲೇ. ಆದರೆ ಆ ಚಹಾದ ಬೆಲೆಯೂ ಒಂದು ಹೊಸ್ತಿಲೇ ಎಂಬುದನ್ನು ಮರೆಯುವಂತಿಲ್ಲ.

ಮನೆಯಾಗಿದ್ದ ಕಟ್ಟಡಗಳು

ಮನೆತನದ ವಾಸಕ್ಕೆಂದೇ ಕಟ್ಟಿದ ಕಟ್ಟಡಗಳ ಸ್ಥಿತಿ ಬೇರೆ. ಮೈಸೂರಿನ ಚಿತ್ತರಂಜನ್ ಮಹಲು 1920ರ ದಶಕದಲ್ಲಿ ರಾಜಕುಮಾರಿಯರಿಗಾಗಿ ನಿರ್ಮಾಣಗೊಂಡದ್ದು. ಅನಂತರ ಅದರ ಆವರಣದಲ್ಲಿ ಪ್ರೀಮಿಯರ್ ಸ್ಟುಡಿಯೊ ನಡೆಯಿತು. 1990ರ ದಶಕದಲ್ಲಿ ಹಿಲರಿ ಬ್ಲೂಮ್ ಅವರ ನೇತೃತ್ವದ ಲಂಡನ್ನಿನ ದತ್ತಿಸಂಸ್ಥೆಯೊಂದು ಅದನ್ನು 'ಗ್ರೀನ್ ಹೋಟೆಲ್' ಆಗಿ ಮಾರ್ಪಡಿಸಿ, ಲಾಭವನ್ನು ದತ್ತಿಕಾರ್ಯಗಳಿಗೆ ಬಳಸುವ ಪದ್ಧತಿಯನ್ನು ತಂದಿತು. ಹೆಣ್ಣುಮಕ್ಕಳ ಮನೆ, ಚಿತ್ರೀಕರಣದ ತಾಣ, ಹೋಟೆಲು ಈ ಮೂರು ಜನ್ಮಗಳಲ್ಲಿ ಮೊದಲನೆಯದರ ನೆನಪು ಅತ್ಯಂತ ತೆಳುವಾಗಿದೆ. ಏಕೆಂದರೆ ಅದು ಒಳಮನೆಯ ನೆನಪು. ಸಿನಿಮಾದ ನೆನಪು ಸಾರ್ವಜನಿಕವಾದುದರಿಂದ ಗಟ್ಟಿಯಾಗಿ ಉಳಿಯಿತು.

ಬೆಂಗಳೂರಿನ ಮಲ್ಲೇಶ್ವರದ ವಿಲ್ಲಾ ಪೊಟ್ಟಿಪಾಟಿಯು ಆಂಧ್ರ ಮೂಲದ ಮನೆತನವೊಂದರ ವಾಸದ ಮನೆ. ಮೂಲ ಊರಿನ ಹೆಸರೇ ಮನೆಗೂ ಬಂದಿದೆ. ನೀಮ್‌ರಾಣಾ ಸಂಸ್ಥೆಯು ಅದನ್ನು ಪರಂಪರೆಯ ಹೋಟೆಲಾಗಿಸಿದಾಗ ಕೋಣೆಗಳಿಗೆ ಸೀರೆಗಳ ಹೆಸರುಗಳನ್ನು ಇಡಲಾಯಿತು. ಪೆಟ್ಟಿಗೆಯೊಳಗಿನ ಸೀರೆ ಬಾಗಿಲಿನ ಮೇಲಿನ ಫಲಕವಾದದ್ದು ಜಾನಪದ ದೃಷ್ಟಿಯಿಂದ ಸೂಚ್ಯವಾಗಿದೆ. ಮನೆಯ ಹೆಂಗಸರ ಬದುಕು ಅಲ್ಲಿ ಸಂಕೇತವಾಗಿ ಉಳಿಯಿತು. ಅದರ ವಿವರಗಳನ್ನು ಕೋಣೆಯ ಹೆಸರು ಹೇಳಲಾರದು.

2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ನಂದಿಬೆಟ್ಟದಲ್ಲಿಯೂ ಇಂತಹದೊಂದು ನಿದರ್ಶನವಿದೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಬೇಸಗೆಯ ಬಂಗಲೆಯು ನೆಹರು ನಿಲಯವೆಂಬ ಹೆಸರಿನಲ್ಲಿ ಸರ್ಕಾರದ ಅತಿಥಿಗೃಹವಾಯಿತು. ಹೆಸರು ಬದಲಾಯಿತು, ಒಡೆತನ ಬದಲಾಯಿತು, ಬಂದು ತಂಗುವ ಉದ್ದೇಶ ಮಾತ್ರ ಹಾಗೆಯೇ ಉಳಿಯಿತು. ಬೇಸಗೆಯ ಬಂಗಲೆಯೂ ಒಂದು ಬಗೆಯ ಛತ್ರವಾಗಿದ್ದುದರಿಂದ ಇಲ್ಲಿಯೂ ಪರಿವರ್ತನೆ ಸರಾಗವಾಯಿತೆಂದು ಹೇಳಬಹುದು.

ಮೇಲಿನ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ತೀರ್ಮಾನಕ್ಕೆ ಬರಬಹುದು. ಅತಿಥಿಗಳಿಗಾಗಿ ಕಟ್ಟಿದ ಕಟ್ಟಡ ಹೋಟೆಲಾದಾಗ ಅದರ ಅರ್ಥ ಮುಂದುವರಿಯುತ್ತದೆ. ಮನೆಯೆಂದು ಕಟ್ಟಿದ ಕಟ್ಟಡ ಹೋಟೆಲಾದಾಗ ಅದರ ಮುಂಭಾಗ ಉಳಿಯುತ್ತದೆ, ನಡುಮನೆ ರೂಪಾಂತರ ಹೊಂದುತ್ತದೆ, ದೇವರ ಮನೆ, ಅಡುಗೆಮನೆ, ಹಿತ್ತಿಲುಗಳು ಮೊದಲು ಅಳಿಯುತ್ತವೆ. ಹೊಸ ಕೋಣೆಗಳಿಗೂ ವಾಹನ ನಿಲುಗಡೆಗೂ ಬೇಕಾದ ಸ್ಥಳ ಸಿಗುವುದು ಹಿತ್ತಿಲಿನಲ್ಲಿಯೇ.

ಕೋಲಾರ ಸೀಮೆಯ ಸಂದರ್ಭ

ಈ ತೀರ್ಮಾನಕ್ಕೆ ನಮ್ಮ ಸೀಮೆಯಲ್ಲಿ ಈಗಲೇ ಮಹತ್ವವಿದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯು 1880ರಿಂದ ಬೆಳೆಸಿದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಗಣಿಯ ಅಧಿಕಾರಿಗಳಿಗಾಗಿ ತೋಟ ಸಹಿತವಾದ ಬಂಗಲೆಗಳೂ ಕ್ಲಬ್ಬೂ ನಿರ್ಮಾಣಗೊಂಡವು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂದಿತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಲೆಗಳಿಗೆ ಒಡೆಯರಿಲ್ಲದಂತಾಯಿತು. ಬೆಂಗಳೂರಿನಿಂದ ಚೆನ್ನೈ ಕಡೆಗಿನ ರಸ್ತೆಗಳು ಅಗಲವಾದಂತೆ ಇಂತಹ ಬಂಗಲೆಗಳ ಮೇಲೆ ಹೋಟೆಲು ಉದ್ಯಮದ ದೃಷ್ಟಿ ಬೀಳುವುದು ಅಸಂಭವವಲ್ಲ. ಹಾಗಾದಾಗ ಇಳಿಜಾರು ಚಾವಣಿಯೂ ವರಾಂಡವೂ ಉಳಿದಾವು. ಬಂಗಲೆಯ ಹಿಂಬದಿಯಲ್ಲಿ ದುಡಿದ ತಮಿಳು, ತೆಲುಗು, ಕನ್ನಡದ ಬಟ್ಲರುಗಳು, ಆಯಾಗಳು, ತೋಟಗಾರರ ನೆನಪುಗಳನ್ನು ಯಾರು ಉಳಿಸಬೇಕು?

ಹೆದ್ದಾರಿಯ ಆಸುಪಾಸಿನ ಹಳ್ಳಿಗಳ ಕಲ್ಲುಮನೆಗಳದೂ ಇದೇ ಪ್ರಶ್ನೆ. ಕೋಲಾರ ಸೀಮೆಯಲ್ಲಿ ಕಲ್ಲು ಧಾರಾಳ. ಬಂಡೆಯ ಮೇಲೆ ಬೆಂಕಿ ಹಾಕಿ ಪದರವನ್ನು ಎಬ್ಬಿಸಿ, ಉಳಿ ಸುತ್ತಿಗೆಗಳಿಂದ ಸಾಲಾಗಿ ಗುಳಿ ಹೊಡೆದು ಸೀಳಿ ತೆಗೆದ ಉದ್ದನೆಯ ಚಪ್ಪಡಿಗಳನ್ನು ಗೋಡೆಗೂ ಚಾವಣಿಗೂ ಹೊಲದ ಬೇಲಿಗೂ ಬಳಸುವುದನ್ನು ಇಲ್ಲಿ ಕಾಣಬಹುದು. ಬಂಡೆಯ ಬಾಯಿ ಯಾವ ಕಡೆಗಿದೆ, ಎಲ್ಲಿ ಹೊಡೆದರೆ ನೇರವಾಗಿ ಸೀಳುತ್ತದೆ ಎಂಬುದನ್ನು ಬೋವಿ ಸಮುದಾಯದ ಕಲ್ಲುಕುಟಿಗರು ಸದ್ದಿನಿಂದಲೇ ತಿಳಿಯಬಲ್ಲರು. ಲಲಿತಮಹಲಿನ ಕಂಬಗಳಿಗೆ ಗ್ರೀಕ್ ಹೆಸರಿದೆ. ಈ ಚಪ್ಪಡಿಮನೆಯ ಅಂಗಗಳ ಕನ್ನಡ, ತೆಲುಗು ಹೆಸರುಗಳ ಒಂದು ಪದಕೋಶ ಆಗಬೇಕಾಗಿದೆ.

ಉಪಸಂಹಾರ

ಹಳೆಯ ಕಟ್ಟಡಗಳು ಹೋಟೆಲುಗಳಾಗುವುದನ್ನು ವಿರೋಧಿಸುವುದು ಈ ಲೇಖನದ ಉದ್ದೇಶವಲ್ಲ. ಬಳಕೆಯಿಲ್ಲದ ಮನೆ ಬೀಳುತ್ತದೆ, ದೀಪ ಹಚ್ಚುವವರಿರುವ ಮನೆ ನಿಲ್ಲುತ್ತದೆ ಎಂಬುದು ಅನುಭವದ ಮಾತು. ಲಲಿತಮಹಲು ಇಂದಿಗೂ ನಿಂತಿರುವುದಕ್ಕೆ ಅದು ಹೋಟೆಲಾದದ್ದೂ ಒಂದು ಕಾರಣ. ಆದರೆ ಪರಿವರ್ತನೆಗೆ ಮುಂಚೆ ಮಾಡಬೇಕಾದ ದಾಖಲಾತಿಯು ಮುಂಬಾಗಿಲಿನಿಂದ ಆರಂಭವಾಗಿ ಮೆಟ್ಟಿಲಿನ ಬಳಿ ನಿಲ್ಲಬಾರದು. ಅದು ಹಿತ್ತಿಲಿನಿಂದ ಆರಂಭವಾಗಬೇಕು. ಬಾವಿ, ಒಲೆ, ಬಚ್ಚಲು, ಆಳುಗಳ ಕೋಣೆ, ಹಿಂಬಾಗಿಲು ಇವುಗಳ ಅಳತೆ ಮತ್ತು ನಕ್ಷೆ ಮೊದಲು ಆಗಬೇಕು. ಅಲ್ಲಿ ಬದುಕಿದವರ, ದುಡಿದವರ ಮಾತುಗಳನ್ನು ಅವರ ನುಡಿಯಲ್ಲಿಯೇ ಧ್ವನಿಮುದ್ರಿಸಿಕೊಳ್ಳಬೇಕು. ಗಾರೆ, ಕಲ್ಲು, ಮರದ ಕೆಲಸದವರ ವೃತ್ತಿಪದಗಳನ್ನು ಸಂಗ್ರಹಿಸಬೇಕು. ಮುಂಭಾಗವನ್ನು ಕಾಯಲು ಒಡೆಯರಿದ್ದಾರೆ, ಪ್ರವಾಸೋದ್ಯಮವಿದೆ, ಛಾಯಾಚಿತ್ರಗಳಿವೆ. ಹಿತ್ತಿಲಿಗೆ ಇರುವುದು ನೆನಪು ಮಾತ್ರ, ಅದು ಹೇಳುವವರ ಜೊತೆಗೇ ಹೋಗುತ್ತದೆ. ಆ ನೆನಪನ್ನು ಸಕಾಲದಲ್ಲಿ ಬರೆದಿಡುವ ಹೊಣೆ ಜಾನಪದ ಅಧ್ಯಯನಕ್ಕೆ ಸೇರಿದ್ದು.